ನಿಂತ ಕಾರಿನಲ್ಲಿ ಕಟಕಟ ಸದ್ದೇ? ಮೊದಲು ಕಿವಿಗೊಡಿ

ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಗೇರ್ ನ್ಯೂಟ್ರಲ್‌ನಲ್ಲಿದೆ. ಬಾನೆಟ್ ಒಳಗಿಂದ ಕಟಕಟ ಅಂತ ಸದ್ದು. ಓಡುವಾಗ ಗಾಳಿ, ಟೈರಿನ ಗದ್ದಲದಲ್ಲಿ ಮುಚ್ಚಿಹೋಗಿದ್ದದ್ದು ಈಗ ಕೇಳಿಸುತ್ತಿದೆ. ತಕ್ಷಣ ‘ಇಂಜಿನ್ ಹೋಯ್ತು’ ಅಂತ ಗಾಬರಿಯಾಗಬೇಡಿ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ ಬರುವ ಎಷ್ಟೋ ಸದ್ದುಗಳು ಇಂಜಿನ್ ಒಳಗಿನವೇ ಅಲ್ಲ. ಸ್ಪ್ಯಾನರ್ ಹಿಡಿಯುವ ಮುಂಚೆ ಗಮನಿಸಬೇಕಾದ್ದು ಇಷ್ಟೇ: ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ.

ಕಾರನ್ನು ಬಯಲಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವ ಮುಂಚೆ ಜೀವಕ್ಕೆ ಕುತ್ತು ತರುತ್ತದೆ. ಉದ್ದ ಕೂದಲು ಕಟ್ಟಿಕೊಳ್ಳಿ, ಸಡಿಲ ಬಟ್ಟೆ ಬೇಡ. ರೇಡಿಯೇಟರ್ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು.

ಮೊದಲು ಆಯಿಲ್

ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ, ಮೇಲಿಂದ ಬರುವ ಟಿಕ್ ಟಿಕ್ ಸದ್ದಿಗೆ ಅದೇ ಕಾರಣ ಇರಬಹುದು. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಆಯಿಲನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಿ, ಮತ್ತೆ ಅಳೆಯಿರಿ. ಜಾಸ್ತಿ ತುಂಬಿಸುವುದೂ ತಪ್ಪೇ. ಇಂಜಿನ್ ಓಡುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ. ಆ ಕ್ಷಣವೇ ಆಫ್ ಮಾಡಿ.

ತಣ್ಣಗಿದ್ದಾಗ, ಬಿಸಿಯಾದಾಗ

ಬೆಳಿಗ್ಗೆಯ ಮೊದಲ ಸ್ಟಾರ್ಟ್‌ಗೆ ಪಕ್ಕದಲ್ಲೇ ನಿಂತು ಕೇಳಿ. ಆಗ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಜಾಸ್ತಿ ಇದ್ದು, ಬಿಸಿಯಾದ ಮೇಲೆ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ 650ರಿಂದ 900ರ ನಡುವೆ ಬಂದು ನಿಲ್ಲುತ್ತದೆ. ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಬಿಸಿಯಾಗುತ್ತಾ ಮಾಯವಾಯಿತೇ? ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೂ ಹೊಗೆಯ ಪೈಪಿಗೂ ನಡುವಿನ ಸೀಲ್) ಲೀಕ್ ಆಗಿರಬಹುದು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಸ್ಟಾರ್ಟ್ ಆದ ಕೆಲವೇ ಸೆಕೆಂಡ್ ಗರಗರ ಅಂದು ನಿಂತರೆ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಸಡಿಲವಾಗಿರುವ ಸಾಧ್ಯತೆ ಇದೆ. ಅದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಒಂದೊಂದೇ ಬದಲಿಸಿ

ಎಸಿ ಹಾಕಿ, ತೆಗೆಯಿರಿ. ಸದ್ದು ಅದರ ಜೊತೆಗೇ ಬಂದು ಹೋದರೆ ಕಂಪ್ರೆಸರ್ ಕಡೆ ನೋಡಿ. ನ್ಯೂಟ್ರಲ್‌ನಲ್ಲೇ ಕ್ಲಚ್ ಒತ್ತಿ. ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ. ಸದ್ದಿಗಿಂತ ನಡುಕವೇ ಜಾಸ್ತಿ ಇದ್ದು, ಸ್ಟೀರಿಂಗ್‌ವರೆಗೂ ಬರುತ್ತಿದ್ದರೆ ಇಂಜಿನ್ ಕೂರಿಸಿರುವ ಮೌಂಟ್‌ನ ರಬ್ಬರ್ ಹರಿದಿದೆಯಾ ನೋಡಿಸಿ. ಬುಸ್ ಅನ್ನುವ ಸದ್ದಿನ ಜೊತೆ ಆರ್‌ಪಿಎಂ ಏರಿಳಿದರೆ ಎಲ್ಲೋ ಗಾಳಿಯ ಪೈಪ್ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಕ್ಲಿಪ್ ಕಳಚಿರುತ್ತದೆ.

ಕೀಚ್ ಕೀಚ್ ಅಂದರೆ ಬೆಲ್ಟ್. ದೂರ ನಿಂತೇ, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳ ಬದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ನಿಂತು ಮತ್ತೆ ಬಂದರೆ ಬೆಲ್ಟ್ ಸುತ್ತುವ ಗಾಲಿ, ಅಂದರೆ ಪುಲ್ಲಿ, ಸಾಲು ತಪ್ಪಿದೆ. ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಅದನ್ನು ಬಿಗಿಯಾಗಿಡುವ ಟೆನ್ಷನರ್ ನೋಡಬೇಕು. ಬಿರುಕು ಬಿಟ್ಟ ಬೆಲ್ಟಿಗೆ ಬದಲಿಸುವುದೊಂದೇ ದಾರಿ. ಸದ್ದು ಅಡಗಿಸುವ ಸ್ಪ್ರೇ ಹೊಡೆದು ಸುಮ್ನೆ ಕೂರಬೇಡಿ.

ಸ್ಕ್ರೂಡ್ರೈವರ್ ಸ್ಟೆತಸ್ಕೋಪ್

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಆಲ್ಟರ್ನೇಟರ್‌ನ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬಾಡಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ತಿರುಗುವ ಭಾಗದಿಂದ ದೂರ ಇರಲಿ. ಚೆನ್ನಾಗಿರುವ ಬೇರಿಂಗ್ ನುಣುಪಾಗಿ ಗುಂಯ್ ಅನ್ನುತ್ತದೆ. ಸವೆದದ್ದು ಮರಳು ಅರೆದ ಹಾಗೆ ಗರಗರ ಅನ್ನುತ್ತದೆ. ಹೀಗೇ ವಾಟರ್ ಪಂಪ್, ವಾಲ್ವ್ ಕವರ್ (ಇಂಜಿನ್ ತಲೆಯ ಮುಚ್ಚಳ), ಇಂಧನ ಚಿಮ್ಮಿಸುವ ಇಂಜೆಕ್ಟರ್ ಒಂದೊಂದನ್ನೂ ಕೇಳಿ. ಇಂಜೆಕ್ಟರ್ ಸಣ್ಣದಾಗಿ ಟಿಕ್ ಟಿಕ್ ಅನ್ನುವುದು ಅದರ ಸಹಜ ಸದ್ದು.

ನಮ್ಮ ಕಾರಿನ ಝಣಝಣ ಸದ್ದಿಗೆ ಒಬ್ಬರು ‘ಟ್ಯಾಪೆಟ್’ (ವಾಲ್ವ್ ತೆರೆಸುವ ಭಾಗ) ಅಂದು ವಾಲ್ವ್ ಕವರ್ ಬಿಚ್ಚಿಸಿದ್ದರು. ಸದ್ದು ಹೋಗಲಿಲ್ಲ. ಕೊನೆಗೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನಾನೇ ಎಕ್ಸಾಸ್ಟ್ ಪೈಪನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಪೈಪಿಗೆ ಹೊದಿಸಿದ ಹೀಟ್ ಶೀಲ್ಡ್ ತಗಡು ಥೇಟ್ ಅದೇ ಸದ್ದು ಮಾಡಿತು! ಬೋಲ್ಟ್ ಗಟ್ಟಿಯಾಗೇ ಇತ್ತು. ಆದರೆ ಅದರ ಸುತ್ತ ತಗಡು ತುಕ್ಕು ತಿಂದು, ತೂತು ಬೋಲ್ಟಿನ ತಲೆಗಿಂತ ದೊಡ್ಡದಾಗಿತ್ತು. ಅಗಲವಾದ ಸ್ಟೀಲ್ ವಾಷರ್ ಹಾಕಿ ಬಿಗಿದೆ. ಅಲ್ಲಿಗೆ ಸದ್ದು ನಿಂತಿತು.

ಮೆಕ್ಯಾನಿಕ್‌ಗೆ ಬಿಡಬೇಕಾದ್ದು

ಆಯಿಲ್ ಸರಿ ಇದ್ದೂ ವಾಲ್ವ್ ಕವರ್ ಕಡೆಯಿಂದ ಜೋರಾಗಿ ಟಿಕ್ ಟಿಕ್ ಬಂದರೆ ಅದು ನಿಜವಾದ ಟ್ಯಾಪೆಟ್ ಸದ್ದು. ಕೆಲವು ಇಂಜಿನ್‌ಗಳಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಅಡ್ಜಸ್ಟ್ ಮಾಡಬಹುದು. ಆಯಿಲ್ ಒತ್ತಡದಿಂದ ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಆ ಅಡ್ಜಸ್ಟ್‌ಮೆಂಟ್ ಇರುವುದಿಲ್ಲ. ಇಂಜಿನ್‌ನ ತಳದಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಟಕ್ ಟಕ್ ಬಂದು, ಆಕ್ಸಿಲರೇಟರ್ ಕೊಟ್ಟಷ್ಟೂ ಜೋರಾದರೆ ಇಂಜಿನ್‌ನ ಮುಖ್ಯ ದಂಡದ ಬೇರಿಂಗ್, ಅಂದರೆ ಕ್ರ್ಯಾಂಕ್ ಬೇರಿಂಗ್, ಸವೆದಿರಬಹುದು. ಅಂಥ ಕಾರನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಸದ್ದು ಬಂದಾಗಲೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ತಣ್ಣಗಿದ್ದಾಗ ಮಾತ್ರ ಬರುವ ಸದ್ದು ಗ್ಯಾರೇಜ್ ತಲುಪುವಷ್ಟರಲ್ಲಿ ನಿಂತುಹೋಗಿರುತ್ತದೆ, ಅಲ್ವಾ? ಹಿಂದಿನ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆಯ ಮೊದಲ ಸ್ಟಾರ್ಟ್ ಮೆಕ್ಯಾನಿಕ್ ಎದುರೇ ಆಗಲಿ.