ಕಾಗದದ ಮಿಡಿ, ಕಾಗದದ ದೋಣಿ: ಅಂಗನವಾಡಿ ಮಕ್ಕಳಿಗೆ ಬೇಸಿಗೆಯ ಮಡಿಕೆಗಳು

ಮೂರು ವರ್ಷದ ಮಗುವಿನ ಕೈಗೆ ಮಡಚಲು ಕಾಗದ ಕೊಡುವ ಮೊದಲು ಒಂದು ಮಾತು. ಮಗು ಮಡಚಿದ್ದನ್ನು ಬಿಚ್ಚಿ ನಾವು ಸರಿಮಾಡಬಾರದು. ತೀರ್ಥಹಳ್ಳಿ ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಹಾಗೆ ಮಾಡಿದ್ದೆ. ಅಂಚಿಗೆ ಅಂಚು ಕೂಡಲಿಲ್ಲ ಅಂತ ಪುಟ್ಟಿಯೊಬ್ಬಳ ಹಾಳೆ ತೆಗೆದುಕೊಂಡು ನೀಟಾಗಿ ಮಡಚಿ ಕೊಟ್ಟೆ. ಅವಳು ಅದನ್ನು ನೆಲದ ಮೇಲಿಟ್ಟು ಎದ್ದು ಹೋದಳು, ಆ ದಿನವೆಲ್ಲ ಕಾಗದ ಮುಟ್ಟಲಿಲ್ಲ. ಅಂದಿನಿಂದ ನಾನು ಸೊಟ್ಟ ಮಡಿಕೆಯೂ ಚೆಂದ ಕಾಣುವ ಆಕಾರಗಳನ್ನೇ ಹುಡುಕುತ್ತೇನೆ. ಬೇಸಿಗೆಯ ಮಲೆನಾಡಿನಲ್ಲಿ ಅಂಥವಕ್ಕೆ ಬರವಿಲ್ಲ.

ಜಪಾನಿಯರ ‘ಒರಿಗಾಮಿ’ ಎಂಬ ಹೆಸರಿನಲ್ಲಿ ಒರಿ ಎಂದರೆ ಮಡಚುವುದು, ಕಾಮಿ ಎಂದರೆ ಕಾಗದ. ಜರ್ಮನಿಯಲ್ಲಿ 1837ರಲ್ಲಿ ಎಳೆಯ ಮಕ್ಕಳಿಗೆಂದು ಶಾಲೆ ತೆರೆದ ಫ್ರೆಡರಿಕ್ ಫ್ರೊಬೆಲ್ ಅವರ ಪದ್ಧತಿಯಲ್ಲಿ ಕಾಗದ ಮಡಚುವುದೂ ಒಂದು ಕೈಕೆಲಸವಾಗಿತ್ತು. ನಮ್ಮ ಮಕ್ಕಳಾದರೋ ಮಡಿಕೆಯನ್ನು ಮೊದಲು ನೋಡುವುದು ಅಜ್ಜಿಯ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆಯ ಮುಂದೆ. ‘ಅಜ್ಜಿ ಎಲೆ ಮಡಚ್ತಾಳಲ್ಲ, ಹಾಗೆ’ ಅಂದರೆ ಸಾಕು, ಅರ್ಧ ಪಾಠ ಮುಗಿದಂತೆ.

ಕಾಗದ ತೆಳುವಾಗಿರಲಿ. ಡ್ರಾಯಿಂಗ್ ಹಾಳೆ ಬೇಡ, ಎರಡನೆಯ ಮಡಿಕೆಗೇ ಪುಟ್ಟ ಬೆರಳು ಸೋಲುತ್ತದೆ. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ ಇರುವ ಕಾಗದ ಒಳ್ಳೆಯದು. ಇಲ್ಲದಿದ್ದರೆ ಜೆರಾಕ್ಸ್ ಹಾಳೆಗೆ ಮಕ್ಕಳೇ ಕ್ರೇಯಾನ್ ಹಚ್ಚಲಿ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಒಂದು ಮೂಲೆಯನ್ನು ಎದುರಿನ ಅಂಚಿಗೆ ತಂದು ತ್ರಿಕೋನ ಮಾಡಿ, ಉಳಿದ ಪಟ್ಟಿ ಕತ್ತರಿಸಿದರೆ 21ರ ಚೌಕ ಸಿಗುತ್ತದೆ. ಕತ್ತರಿ ಕೆಲಸವನ್ನು ಹಿಂದಿನ ದಿನವೇ ಮುಗಿಸಿಟ್ಟುಕೊಳ್ಳಿ. ಸ್ಟೇಪ್ಲರ್ ಪಿನ್ನು ಈ ವಯಸ್ಸಿಗೆ ಬೇಡವೇ ಬೇಡ.

ಮೊದಲು ಮಾವಿನ ಮಿಡಿ. ಸಾಧ್ಯವಾದರೆ ಅಂದು ಬೆಳಿಗ್ಗೆ ನಿಜವಾದ ನಾಲ್ಕು ಅಪ್ಪೆಮಿಡಿ ತಂದು ಮಕ್ಕಳ ಮೂಗಿಗೆ ಹಿಡಿಯಿರಿ. ತೊಟ್ಟಿನ ಸೊನೆ ಎಳೆಯ ಚರ್ಮವನ್ನು ಸುಡುತ್ತದೆ, ಮೊದಲೇ ಚೆನ್ನಾಗಿ ತೊಳೆದಿರಬೇಕು. ವಾಸನೆ ನೋಡಿದ ಮೇಲೆ ಹಸಿರು ಚೌಕ ಕೊಡಿ, ಬಣ್ಣದ ಬದಿ ಕೆಳಗೆ. ಮೂರು ಮೂಲೆಗಳನ್ನು ಎರಡು ಮೂರು ಬೆರಳಗಲ ಒಳಕ್ಕೆ ಮಡಚಲಿ. ನಾಲ್ಕನೆಯದನ್ನು ತುದಿಯಷ್ಟೇ ಮಡಚಿದರೆ ಅದು ಮಾವಿನ ಮೂತಿ. ತಿರುಗಿಸಿದರೆ ಮಿಡಿ. ಒಬ್ಬರದು ಉದ್ದ, ಒಬ್ಬರದು ಗುಂಡಗೆ, ಒಬ್ಬರದು ಡೊಂಕು. ಮರದಲ್ಲೂ ಹಾಗೇ ಇರುತ್ತವಲ್ಲ! ಮೂರು ವರ್ಷದವರಿಗೆ ಒಂದು ದಿನಕ್ಕೆ ಇಷ್ಟು ಸಾಕು. ಎಲ್ಲರ ಮಿಡಿಗಳನ್ನೂ ದಾರಕ್ಕೆ ಅಂಟಿಸಿ ಬಾಗಿಲಿಗೆ ಕಟ್ಟಿ.

ಕಲ್ಲಂಗಡಿ ಹೋಳಿಗೆ ಕೆಂಪು ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಇಬ್ಬರಿಗೆ ಒಂದೊಂದು ತ್ರಿಕೋನ. ಕೆಂಪು ಮೇಲಿರಲಿ, ಉದ್ದನೆಯ ಅಂಚು ಮಗುವಿನ ಹೊಟ್ಟೆಯ ಕಡೆಗಿರಲಿ. ಆ ಅಂಚನ್ನು ಒಂದು ಬೆರಳಗಲ ಮೇಲಕ್ಕೆ ಮಡಚಿದರೆ ಹಿಂಬದಿಯ ಬಿಳಿ ಪಟ್ಟಿ ಕಾಣುತ್ತದೆ. ಎರಡೂ ಪಕ್ಕ ಹೊರಗೆ ಚಾಚುವ ಪುಟ್ಟ ಕಿವಿಗಳನ್ನು ಹಿಂದಕ್ಕೆ ಮಡಚಬೇಕು. ಇದಕ್ಕೆ ನಿಮ್ಮ ಸಹಾಯ ಬೇಕಾದೀತು. ಬಿಳಿ ಪಟ್ಟಿಯ ಕೆಳಗಿನರ್ಧಕ್ಕೆ ಹಸಿರು ಹಚ್ಚಿದರೆ ಸಿಪ್ಪೆ ಬಂತು. ಬೀಜದ ಕಪ್ಪು ಚುಕ್ಕೆ ಎಷ್ಟಿಡಬೇಕು ಎಂಬುದನ್ನು ಮಕ್ಕಳಿಗೇ ಬಿಡಿ. ಎಣಿಸುತ್ತಾ ಇಡುವವರು ತಾವಾಗಿಯೇ ಎಣಿಸುತ್ತಾರೆ.

ಬೀಸಣಿಗೆ ಸುಲಭ. ಎ4 ಹಾಳೆಯನ್ನು ಉದ್ದದ ಕಡೆಯಿಂದ ಮೂರು ಸಲ ಅರ್ಧಕ್ಕರ್ಧ ಮಡಚಿ ಬಿಚ್ಚಿದರೆ ಎಂಟು ಪಟ್ಟಿಯ ಗೆರೆಗಳು ಮೂಡಿರುತ್ತವೆ. ಗೆರೆ ಹಿಡಿದು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಮಡಚುತ್ತಾ ಹೋಗಿ, ಒಂದು ತುದಿಗೆ ದಾರ ಬಿಗಿದರಾಯಿತು. ಅಡಿಕೆ ಹಾಳೆಯ ಬೀಸಣಿಗೆ ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟು ಯಾವುದರ ಗಾಳಿ ಹೆಚ್ಚು ಅಂತ ಕೇಳಿ.

ಐದು ವರ್ಷ ದಾಟಿದವರಿಗೆ ದೋಣಿ. ಎ4 ಹಾಳೆಯನ್ನು ಅಡ್ಡಕ್ಕೆ ಅರ್ಧ ಮಡಚಿ, ಮಡಿಕೆ ಮೇಲಿರಲಿ. ಮೇಲಿನ ಎರಡೂ ಮೂಲೆಗಳನ್ನು ನಡುಗೆರೆಗೆ ಇಳಿಸಿದರೆ ಹೆಂಚಿನ ಮಾಡು. ಕೆಳಗೆ ಉಳಿದ ಪಟ್ಟಿಗಳಲ್ಲಿ ಒಂದನ್ನು ಈಚೆಯಿಂದ, ಇನ್ನೊಂದನ್ನು ಆಚೆಯಿಂದ ಮೇಲಕ್ಕೆ ಮಡಚಿದರೆ ಟೋಪಿ. ಚಿಕ್ಕವರು ಇಲ್ಲಿಗೇ ನಿಲ್ಲಿಸಬಹುದು. 28 ಸೆಂಟಿಮೀಟರ್ ಅಗಲ, 40 ಉದ್ದದ ಪತ್ರಿಕೆ ಹಾಳೆಯಲ್ಲಿ ಮಾಡಿದರೆ ಅವರ ತಲೆಗೇ ಆಗುತ್ತದೆ. ಪತ್ರಿಕೆಯ ಮಸಿ ಅಂಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಸಿ.

ಮುಂದಿನದು ದೊಡ್ಡವರ ಕೈಗೆಲಸ. ಟೋಪಿಯೊಳಗೆ ಎರಡೂ ಹೆಬ್ಬೆರಳು ಹಾಕಿ ಅಗಲಿಸಿ, ಇನ್ನೊಂದು ದಿಕ್ಕಿಗೆ ಚಪ್ಪಟೆ ಮಾಡಿ, ಚೌಕವಾಗುತ್ತದೆ. ತೆರೆದ ಕೆಳತುದಿಗಳನ್ನು ಈಚೆಗೊಂದು ಆಚೆಗೊಂದು ಮೇಲಕ್ಕೆ ಮಡಚಿ, ತ್ರಿಕೋನ. ಮತ್ತೆ ಹೆಬ್ಬೆರಳು ಹಾಕಿ ಅಗಲಿಸಿ, ಪುಟ್ಟ ಚೌಕ. ಈಗ ಅದನ್ನು ಮಗುವಿಗೆ ಕೊಡಿ. ಮೇಲಿನ ಎರಡು ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಚೀಚೆ ಎಳೆದಾಗ ನಡುವಿನಿಂದ ದೋಣಿ ಎದ್ದು ಬರುತ್ತದೆ. ಆ ಕೊನೆಯ ಎಳೆತ ಮಗುವಿನದೇ ಆಗಬೇಕು. ಅದನ್ನು ನೀವೇ ಎಳೆದುಬಿಟ್ಟರೆ ದೋಣಿ ನಿಮ್ಮದಾಗಿಬಿಡುತ್ತದೆ.

ಅಗಲ ಬಾಯಿಯ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಸಾಕು. ನೀರಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು, ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ. ಭರಣಿ ಮಳೆ ಬಿದ್ದ ದಿನವಾದರೆ ಪಾತ್ರೆಯೂ ಬೇಡ, ಮಳೆ ನಿಂತ ಮೇಲೆ ಅಂಗಳದಲ್ಲೇ ನೀರು ಹರಿಯುತ್ತಿರುತ್ತದೆ. ಅಂಥ ದಿನಕ್ಕೆಂದು, ಮಡಚುವ ಮುನ್ನ ಹಾಳೆಯ ಎರಡೂ ಬದಿಗೆ ಮೇಣದಬತ್ತಿಯ ತುಂಡನ್ನು ಒತ್ತಿ ಉಜ್ಜಲು ಮಕ್ಕಳಿಗೆ ಹೇಳಿ. ಬರೀ ಕಾಗದದ ದೋಣಿಗಿಂತ ಮೇಣ ಹಚ್ಚಿದ್ದು ತಡವಾಗಿ ನೆನೆಯುತ್ತದೆ, ಮೆಟ್ಟಿಲ ಬುಡದಿಂದ ಗೇಟಿನವರೆಗಾದರೂ ಹೋಗುತ್ತದೆ.