ಸಂತೆ ನಡೆಸುವ ಕಂಪನಿಯ ಷೇರು: ಎರಡು ಖರೀದಿಗಳಿಂದ ನಾನು ಕಂಡದ್ದು

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡಿಕೊಂಡು ಬಂದವನು. ಆನ್‌ಲೈನ್ ಮಾರುಕಟ್ಟೆ ನಡೆಸುವ ಇಂಡಿಯಾಮಾರ್ಟ್ ಇಂಟರ್‌ಮೆಶ್ ಕಂಪನಿಯ ಷೇರನ್ನು ಎರಡು ಸಲ ಕೊಂಡಿದ್ದೇನೆ. 2019ರ ನವೆಂಬರ್‌ನಲ್ಲಿ ಸುಮಾರು 2,000 ರೂಪಾಯಿಯ ದರದಲ್ಲಿ ಹತ್ತು ಷೇರು, 2021ರ ಫೆಬ್ರುವರಿ ಕೊನೆಯಲ್ಲಿ ಸುಮಾರು 8,400 ರೂಪಾಯಿಯ ದರದಲ್ಲಿ ಹದಿನೈದು ಷೇರು. 2023ರ ಜೂನ್‌ನಲ್ಲಿ ಕಂಪನಿ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಿತು, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಉಚಿತ. 2025ರ ನಡುಭಾಗದಲ್ಲಿ ದರ 2,500 ರೂಪಾಯಿಯ ಆಸುಪಾಸಿನಲ್ಲಿತ್ತು. ಬೋನಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಳೆಯ ಒಂದು ಷೇರು 5,000 ರೂಪಾಯಿಗೆ ಸಮ. ಮೊದಲ ಖರೀದಿ ಎರಡೂವರೆ ಪಟ್ಟಾಯಿತು, ಎರಡನೆಯದು ಶೇ. 40ರಷ್ಟು ಕರಗಿತು. ಆನ್‌ಲೈನ್ ಮಾರುಕಟ್ಟೆ ನಡೆಸುವ ಕಂಪನಿಯಲ್ಲಿ ಹಣ ಹಾಕಬಹುದೇ ಎಂದು ಕಕ್ಷಿದಾರರು ಕೇಳಿದಾಗಲೆಲ್ಲ ನಾನು ಈ ಎರಡು ಖರೀದಿಗಳನ್ನೇ ಮುಂದಿಡುತ್ತೇನೆ.

ಇಂಥ ಕಂಪನಿಯನ್ನು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮ ಕಡೆಯ ಮಾರುಕಟ್ಟೆಗಳೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ದೂರದ ಜಿಲ್ಲೆಗಳ ರೈತರೂ ಚೀಲ ಹೇರಿಕೊಂಡು ಬರುವುದು ಅಲ್ಲಿ ಕೊಳ್ಳುವವರು ನೆರೆದಿರುತ್ತಾರೆ ಎಂಬ ಕಾರಣಕ್ಕೆ. ಕೊಳ್ಳುವವರು ಅಲ್ಲಿ ನೆರೆಯುವುದು ಮಾಲು ಅಲ್ಲಿಗೇ ಬರುತ್ತದೆ ಎಂಬ ಕಾರಣಕ್ಕೆ. ಒಮ್ಮೆ ಕೂಡಿಬಂದ ಸಂತೆಯನ್ನು ಪಕ್ಕದ ಊರಿನಲ್ಲಿ ಹೊಸದಾಗಿ ಕಟ್ಟುವುದು ಬಹಳ ಕಷ್ಟ. ಸಂತೆ ನಡೆಸುವವನಿಗೆ ಮಾಲಿನ ಮೇಲೆ ಬಂಡವಾಳ ಹೂಡುವ ಅಗತ್ಯವಿಲ್ಲ, ಮಾಲು ಕೆಡುವ ಭಯವೂ ಇಲ್ಲ. ಅವನ ಗಳಿಕೆ ಜಾಗದ ಬಾಡಿಗೆ, ಇಲ್ಲವೇ ವಹಿವಾಟಿನ ಮೇಲಿನ ಕಮಿಷನ್. ಆದ್ದರಿಂದ ಇಂಥ ಕಂಪನಿಯ ಷೇರು ನೋಡುವಾಗ ಅದರ ಮೂಲಕ ಎಷ್ಟು ಸಾವಿರ ಕೋಟಿಯ ಸರಕು ಹಾದುಹೋಯಿತು ಎಂಬುದಕ್ಕಿಂತ, ಬಾಡಿಗೆ ಕಟ್ಟುವವರು ಎಷ್ಟು ಜನ, ಅವರು ಮರುವರ್ಷವೂ ಕಟ್ಟುತ್ತಾರೆಯೇ ಎಂಬುದನ್ನೇ ಮೊದಲು ನೋಡಬೇಕೆಂದು ನಾನು ನಿರ್ಧರಿಸಿದೆ.

ದಿನೇಶ್ ಅಗರ್‌ವಾಲ್ ಮತ್ತು ಬ್ರಿಜೇಶ್ ಅಗ್ರವಾಲ್ 1996ರಲ್ಲಿ ಆರಂಭಿಸಿದ, ನೋಯ್ಡಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಂಡಿಯಾಮಾರ್ಟ್ ಈ ದೃಷ್ಟಿಯಿಂದ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿತ್ತು. ಪಂಪು, ಕವಾಟ, ಪ್ಯಾಕಿಂಗ್ ಯಂತ್ರ, ರಾಸಾಯನಿಕ, ಬಟ್ಟೆ ಹೀಗೆ ಉದ್ದಿಮೆಗಳು ಪರಸ್ಪರ ಕೊಂಡು ಮಾರುವ ಸರಕಿನ ಪಟ್ಟಿ ಅಲ್ಲಿದೆ. ಕೊಳ್ಳುವವರಿಗೆ ಅದು ಉಚಿತ. ಮಾರುವವರು ಬೇಡಿಕೆಯ ವಿವರ ಪಡೆಯಲು ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಎಂಬ ದರ್ಜೆಗಳಲ್ಲಿ ಚಂದಾ ಕಟ್ಟುತ್ತಾರೆ. ಸರಕು ಸಾಗಿಸುವ, ಗೋದಾಮು ಇಡುವ, ರಿಯಾಯಿತಿ ಕೊಟ್ಟು ಗ್ರಾಹಕರನ್ನು ಸೆಳೆಯುವ ಹೊರೆ ಕಂಪನಿಗೆ ಇಲ್ಲ. 2019ರ ಜೂನ್‌ನಲ್ಲಿ ಷೇರೊಂದಕ್ಕೆ 973 ರೂಪಾಯಿಯಂತೆ ಐಪಿಒ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರುವುದು) ಆಗಿ, ಜುಲೈ 4ರಂದು ಷೇರುಪೇಟೆಯ ಪಟ್ಟಿಗೆ ಸೇರಿತು. ಆಗ ನಾನು ಅರ್ಜಿ ಹಾಕಲಿಲ್ಲ. ಪಟ್ಟಿಗೆ ಸೇರಿದ ಮೇಲೆ ಎರಡು ತ್ರೈಮಾಸಿಕಗಳ ಫಲಿತಾಂಶ ನೋಡೋಣವೆಂದು ಕಾದೆ.

ಕಾಯುತ್ತಿದ್ದ ಆ ತಿಂಗಳುಗಳಲ್ಲಿ ನಾನು ಮಾಡಿದ ಒಂದು ಕೆಲಸ ನನ್ನ ವೃತ್ತಿಯಿಂದಲೇ ಸಾಧ್ಯವಾದದ್ದು. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ನನ್ನ ಕಕ್ಷಿದಾರರಲ್ಲಿ ಕೆಲವರು ಬೇರೆ ಬೇರೆ ವ್ಯಾಪಾರಿ ತಾಣಗಳಿಗೆ ವರ್ಷಕ್ಕಿಷ್ಟೆಂದು ಕಟ್ಟುತ್ತಿದ್ದರು. ಅದು ಅವರ ಲೆಕ್ಕದಲ್ಲಿ ಜಾಹೀರಾತು ವೆಚ್ಚದ ತಲೆಬರಹದಡಿ ಬರುತ್ತಿತ್ತು. ಮತ್ತೆ ಕಟ್ಟುತ್ತೀರಾ ಎಂದು ಅವರನ್ನೇ ಕೇಳಿದೆ. ಕೃಷಿ ಉಪಕರಣ ತಯಾರಿಸುವ ಒಬ್ಬರು, "ಫೋನ್ ಬರ್ತಾವ್ರೀ ಸರ್, ಖರೆ. ಆದ್ರ ಅದೇ ಫೋನ್ ಇನ್ನೂ ನಾಕು ಮಂದಿಗೆ ಹೋಗಿರ್ತೈತಿ" ಎಂದು ಹೇಳಿ ಒಂದೇ ವರ್ಷಕ್ಕೆ ಬಿಟ್ಟರು. ದೊಡ್ಡ ಕವಾಟಗಳನ್ನು ತಯಾರಿಸುವ ಇನ್ನೊಬ್ಬರು ವರ್ಷಕ್ಕೆ ಎರಡು ಆರ್ಡರ್ ಕುದುರಿದರೂ ಕಟ್ಟಿದ್ದು ಗಿಟ್ಟುತ್ತದೆ ಎಂದು ಮೂರನೆಯ ವರ್ಷವೂ ನವೀಕರಿಸಿದ್ದರು. ಸರಕಿನ ಬೆಲೆ ಹೆಚ್ಚಿದ್ದು ಗ್ರಾಹಕ ದೂರದಲ್ಲಿದ್ದವನು ಉಳಿಯುತ್ತಾನೆ, ಬೆಲೆ ಕಡಿಮೆಯಿದ್ದು ಪೈಪೋಟಿ ಹೆಚ್ಚಿದ್ದವನು ಹೊರಟುಹೋಗುತ್ತಾನೆ ಎಂಬ ಈ ತಿಳಿವಳಿಕೆಯನ್ನು ಮುಂದೆ ಇಂಡಿಯಾಮಾರ್ಟ್‌ನ ಆಡಳಿತವರ್ಗದ ಮಾತುಗಳೂ ದೃಢಪಡಿಸಿದವು. ಸಿಲ್ವರ್ ದರ್ಜೆಯಲ್ಲಿ, ಅದರಲ್ಲೂ ತಿಂಗಳುವಾರು ಪಾವತಿಸುವವರಲ್ಲಿ, ಬಿಟ್ಟುಹೋಗುವವರು ಹೆಚ್ಚು. ಗೋಲ್ಡ್ ಮತ್ತು ಪ್ಲಾಟಿನಮ್ ದರ್ಜೆಯವರು ಬಹುತೇಕ ಉಳಿಯುತ್ತಾರೆ ಎಂದು ಅವರು ವಿಶ್ಲೇಷಕರೊಂದಿಗಿನ ಸಭೆಗಳಲ್ಲಿ ಹೇಳುತ್ತ ಬಂದಿದ್ದಾರೆ.

ಇನ್ನು ಆಸ್ತಿ-ಹೊಣೆ ಪಟ್ಟಿ. ಲೆಕ್ಕಪತ್ರ ಓದುವ ನನ್ನಂಥವನಿಗೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಹೊಣೆಗಳ ಬದಿಯಲ್ಲಿದ್ದ ಒಂದು ಸಾಲು. ಮಾರಾಟಗಾರರು ಒಂದು, ಎರಡು, ಮೂರು ವರ್ಷಗಳ ಚಂದಾವನ್ನು ಮೊದಲೇ ಕಟ್ಟುತ್ತಾರೆ. ಸೇವೆ ಸಲ್ಲಿಸುವವರೆಗೆ ಆ ಹಣವನ್ನು ಆದಾಯವೆಂದು ತೋರಿಸುವಂತಿಲ್ಲ, ಹೊಣೆಯೆಂದೇ ತೋರಿಸಬೇಕು. ಆದರೆ ಇದು ಬ್ಯಾಂಕಿನ ಸಾಲದಂಥ ಹೊಣೆಯಲ್ಲ. ಬಡ್ಡಿಯಿಲ್ಲದ ಈ ಹಣವನ್ನು ಕಂಪನಿ ಬಾಂಡ್, ಮ್ಯೂಚುವಲ್ ಫಂಡ್‌ಗಳಲ್ಲಿ ಇಟ್ಟು ಅದರಿಂದಲೂ ಗಳಿಸುತ್ತದೆ. 2025ರ ಮಾರ್ಚ್ ಕೊನೆಗೆ ಹೀಗೆ ಮುಂಗಡವಾಗಿ ಬಂದು ಕೂತಿದ್ದ ಮೊತ್ತ ಕಂಪನಿಯ ಇಡೀ ವರ್ಷದ ಆದಾಯಕ್ಕಿಂತಲೂ ದೊಡ್ಡದಾಗಿತ್ತು. ನಮ್ಮ ಬಹುಪಾಲು ಉದ್ದಿಮೆಗಳು ಮಾಲು ಕೊಟ್ಟು ತೊಂಬತ್ತು ದಿನ ಹಣಕ್ಕಾಗಿ ಅಲೆಯುವುದನ್ನು ದಿನವೂ ನೋಡುವ ನನಗೆ, ಮೊದಲೇ ಹಣ ಪಡೆದು ಆಮೇಲೆ ಕೆಲಸ ಮಾಡುವ ವ್ಯವಹಾರ ಎಷ್ಟು ಅಪರೂಪದ್ದೆಂದು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಈ ಸಾಲು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿದ್ದರೆ ಮುಂದಿನ ವರ್ಷದ ಆದಾಯವೂ ಏರುತ್ತದೆ. ಇದು ನಿಂತಿತೆಂದರೆ ಆದಾಯದ ಓಟವೂ ಸ್ವಲ್ಪ ಕಾಲದ ಮೇಲೆ ನಿಲ್ಲುತ್ತದೆ. ಹಣ ಪಾವತಿಸುವ ಮಾರಾಟಗಾರರ ಸಂಖ್ಯೆ, ಈ ಮುಂಗಡ ಮೊತ್ತ, ಒಬ್ಬ ಮಾರಾಟಗಾರನಿಂದ ಬರುವ ಸರಾಸರಿ ಆದಾಯ, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ. ಮೊದಲ ಹತ್ತು ಷೇರುಗಳನ್ನು ಕೊಂಡದ್ದು ಇಷ್ಟೆಲ್ಲ ನೋಡಿದ ಮೇಲೆ.

ಎರಡನೆಯ ಖರೀದಿಯಲ್ಲಿ ನಾನು ಎಡವಿದೆ. ಕೋವಿಡ್ ಲಾಕ್‌ಡೌನ್‌ನ ಮೊದಲ ತ್ರೈಮಾಸಿಕದಲ್ಲಿ, ಅಂದರೆ 2020ರ ಏಪ್ರಿಲ್‌ನಿಂದ ಜೂನ್ ವರೆಗೆ, ಪಾವತಿಸುವ ಮಾರಾಟಗಾರರ ಸಂಖ್ಯೆ ಸುಮಾರು 1.47 ಲಕ್ಷದಿಂದ 1.33 ಲಕ್ಷಕ್ಕೆ ಕುಸಿದಿತ್ತು. ಆದರೂ ಷೇರಿನ ದರ ಏರುತ್ತಲೇ ಹೋಯಿತು. ವ್ಯಾಪಾರವೆಲ್ಲ ಇನ್ನು ಆನ್‌ಲೈನ್‌ಗೇ ಬರುತ್ತದೆ ಎಂಬ ನಂಬಿಕೆ ಎಲ್ಲೆಡೆ ಇತ್ತು, ನನ್ನಲ್ಲೂ ಇತ್ತು. 2021ರ ಫೆಬ್ರುವರಿಯಲ್ಲಿ ಕಂಪನಿ ದೊಡ್ಡ ಸಂಸ್ಥೆಗಳಿಗೆ 8,615 ರೂಪಾಯಿಯ ದರದಲ್ಲಿ ಷೇರು ನೀಡಿ ಸುಮಾರು 1,070 ಕೋಟಿ ಸಂಗ್ರಹಿಸಿತು. ಅಷ್ಟು ಬಲ್ಲವರೇ ಆ ದರ ಕೊಡುತ್ತಿರುವಾಗ 8,400 ಹೆಚ್ಚಲ್ಲವೆಂದು ನಾನು ತರ್ಕಿಸಿದೆ. 2020-21ರ ಲಾಭ 280 ಕೋಟಿ. ಆ ದರದಲ್ಲಿ ಇಡೀ ಕಂಪನಿಯ ಬೆಲೆ 25,000 ಕೋಟಿಗೂ ಮೀರುತ್ತಿತ್ತು, ಎಂದರೆ ಲಾಭದ ತೊಂಬತ್ತು ಪಟ್ಟು. ಈ ಗುಣಾಕಾರ ಮಾಡಲು ನನಗೆ ಎರಡು ನಿಮಿಷವೂ ಬೇಡ. ಮಾಡಿದ್ದೆ ಕೂಡ, ಆದರೆ ಬೆಳವಣಿಗೆ ಅದನ್ನು ಸರಿದೂಗಿಸುತ್ತದೆ ಎಂದುಕೊಂಡೆ.

ಆ 280 ಕೋಟಿಯೂ ಸಾಮಾನ್ಯ ವರ್ಷದ ಲಾಭವಾಗಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ. ಲಾಕ್‌ಡೌನ್‌ನಲ್ಲಿ ಮಾರಾಟ ಸಿಬ್ಬಂದಿಯ ಮತ್ತು ಕಚೇರಿಗಳ ಖರ್ಚು ಇಳಿದುದರಿಂದ, ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಾರ್ಯಾಚರಣೆಯ ಲಾಭವಾಗಿ ಉಳಿದಿತ್ತು. ಮತ್ತೆ ಮಾರಾಟಗಾರರನ್ನು ಸೇರಿಸಲು ಜನರನ್ನು ನೇಮಿಸಿಕೊಂಡಾಗ 2022-23ರಲ್ಲಿ ಅದು ಶೇ. 27ರ ಹತ್ತಿರಕ್ಕೆ ಇಳಿಯಿತು. ಮಾರಾಟಗಾರರು 2.03 ಲಕ್ಷಕ್ಕೆ ಏರಿದರೂ ಆ ವರ್ಷದ ನಿವ್ವಳ ಲಾಭ 284 ಕೋಟಿ, ಅಂದರೆ ಎರಡು ವರ್ಷ ಹಿಂದಿನಷ್ಟೇ. ಸಂತೆಗೆ ಹೊಸ ಅಂಗಡಿಗಳನ್ನು ತರಲು ಓಡಾಡುವ ಜನ ಬೇಕೇಬೇಕು, ಅವರ ಖರ್ಚನ್ನು ನಿಲ್ಲಿಸಿ ಬಂದ ಲಾಭವನ್ನು ಶಾಶ್ವತವೆಂದು ಎಣಿಸಬಾರದಿತ್ತು.

2023ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗಿನ ಎರಡು ವರ್ಷಗಳ ಅಂಕಿಗಳನ್ನು ನನ್ನ ಪುಸ್ತಕದಲ್ಲಿ ಇಂದಿಗೂ ತಿರುಗಿ ನೋಡುತ್ತೇನೆ. ಆದಾಯ 985 ಕೋಟಿಯಿಂದ 1,388 ಕೋಟಿಗೆ, ನಿವ್ವಳ ಲಾಭ 284 ಕೋಟಿಯಿಂದ 551 ಕೋಟಿಗೆ ಏರಿತು. ಆದರೆ ಮಾರಾಟಗಾರರು 2.03 ಲಕ್ಷದಿಂದ ಸುಮಾರು 2.17 ಲಕ್ಷಕ್ಕಷ್ಟೇ ಏರಿದರು. ಅಂದರೆ ಬೆಳವಣಿಗೆಯ ಹೆಚ್ಚಿನ ಪಾಲು ಬಂದದ್ದು ಇದ್ದವರಿಂದಲೇ ಹೆಚ್ಚು ವಸೂಲು ಮಾಡಿದ್ದರಿಂದ. ಐಪಿಒ ಹೊತ್ತಿಗೆ ತಲಾ 40,000 ರೂಪಾಯಿಗಿಂತ ಕಡಿಮೆಯಿದ್ದ ವಾರ್ಷಿಕ ಸರಾಸರಿ ಆದಾಯ 60,000 ದಾಟಿತ್ತು. ಲಾಭದಲ್ಲೂ ಗಣನೀಯ ಪಾಲು ಹೂಡಿಕೆಗಳ ಮೇಲಿನ ಗಳಿಕೆಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ, ಲಾಭ ಚೆನ್ನಾಗಿಯೇ ಬಂದ ತ್ರೈಮಾಸಿಕದ ಫಲಿತಾಂಶದ ನಂತರ, ಷೇರು ಒಂದೇ ದಿನ ಶೇ. 15ಕ್ಕಿಂತ ಹೆಚ್ಚು ಬಿದ್ದದ್ದು ಮಾರಾಟಗಾರರ ಸಂಖ್ಯೆಯ ಏರಿಕೆ ನಿಧಾನವಾದದ್ದಕ್ಕಾಗಿ. ಪೇಟೆಯ ಆ ಪ್ರತಿಕ್ರಿಯೆ ಅತಿಯಾಯಿತೆಂದು ಕೆಲವರು ಹೇಳಿದರು. ನನಗೆ ಅದು ಸರಿಯಾದ ಅಂಕಿಯನ್ನೇ ಹಿಡಿದಿತ್ತು ಅನ್ನಿಸಿತು.

ಬೋನಸ್ ಬಂದ ಷೇರುಗಳ ತೆರಿಗೆಯ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಇದರಲ್ಲಿ ಎಡವುವವರು ಬಹಳ. ಬೋನಸ್ ಷೇರಿನ ಕೊಂಡ ಬೆಲೆಯನ್ನು ಕಾನೂನು ಸೊನ್ನೆಯೆಂದು ಎಣಿಸುತ್ತದೆ. ಮೂಲ ಷೇರಿನ ಬೆಲೆ ಪೂರ್ತಿಯಾಗಿ ಮೂಲ ಷೇರಿನ ಮೇಲೆಯೇ ಉಳಿಯುತ್ತದೆ. ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯಿಂದ ಮಾರುವಾಗ ಮೊದಲು ಬಂದದ್ದು ಮೊದಲು ಹೋಯಿತೆಂದು ಲೆಕ್ಕ. 2023ರಲ್ಲಿ ಕಂಪನಿ 4,000 ರೂಪಾಯಿಯಂತೆ 500 ಕೋಟಿಯ ತನ್ನದೇ ಷೇರುಗಳನ್ನು ಮರುಖರೀದಿಸಿದಾಗ ನಾನು ಮಾರಲು ಕೊಟ್ಟವುಗಳಲ್ಲಿ ಕೆಲವೇ ಸ್ವೀಕೃತವಾದವು, ಅವು 2019ರ ಷೇರುಗಳು. 2025ರ ಜೂನ್‌ನಲ್ಲಿ ಉಳಿದ ಮೂಲ ಷೇರುಗಳನ್ನೆಲ್ಲ ಸುಮಾರು 2,500ಕ್ಕೆ ಮಾರಿದೆ. 8,400ಕ್ಕೆ ಕೊಂಡ ಹದಿನೈದರ ಮೇಲೆ ಕಾಗದದಲ್ಲಿ ತಲಾ 5,900 ರೂಪಾಯಿಯ ದೀರ್ಘಾವಧಿ ನಷ್ಟ ಬಂತು. ಅದನ್ನು ಒಂದು ಮ್ಯೂಚುವಲ್ ಫಂಡ್‌ನ ದೀರ್ಘಾವಧಿ ಲಾಭದೊಂದಿಗೆ ಸರಿದೂಗಿಸಿದೆ. ಹಾಗೆ ಸರಿದೂಗಿಸಲಾಗದೆ ಉಳಿದದ್ದನ್ನು ಎಂಟು ವರ್ಷ ಮುಂದೊಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು.

ಆನ್‌ಲೈನ್ ಮಾರುಕಟ್ಟೆ ಎಂದರೆ ಎಲ್ಲವೂ ಹೀಗೇ ಅಲ್ಲ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಬೆಳೆದ ಕಾಲದಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಅದರ ಷೇರು ಕೊಳ್ಳುವ ದಾರಿಯೇ ಇರಲಿಲ್ಲ. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರಿಗೆ ಶೇ. 77ರಷ್ಟನ್ನು ಕೊಂಡಿತು. ಜೊಮ್ಯಾಟೊ 2021ರ ಜುಲೈನಲ್ಲಿ 76 ರೂಪಾಯಿಗೆ ಐಪಿಒ ಬಂದಾಗ ನಷ್ಟದಲ್ಲಿದೆ ಎಂಬ ಒಂದೇ ಕಾರಣಕ್ಕೆ ಬೇಡವೆಂದೆ. ಮರುವರ್ಷ ಅದು 50ಕ್ಕಿಂತ ಕೆಳಗಿಳಿದಾಗ ನನ್ನ ನಿಲುವೇ ಸರಿಯೆನಿಸಿತ್ತು. ಆದರೆ ದಿನಸಿಯನ್ನು ಮನೆಗೆ ತಲುಪಿಸುವ ಬ್ಲಿಂಕಿಟ್ ಸೇರಿಸಿಕೊಂಡ ಆ ಕಂಪನಿಯ ಷೇರು 2024ರ ಕೊನೆಗೆ ಐಪಿಒ ದರದ ಮೂರು ಪಟ್ಟನ್ನು ಮೀರಿತ್ತು. ನಷ್ಟವೊಂದನ್ನೇ ನೋಡಿ ತಳ್ಳಿಹಾಕಬಾರದಿತ್ತು, ಆರ್ಡರೊಂದರ ಮೇಲಿನ ನಷ್ಟ ಕಡಿಮೆಯಾಗುತ್ತಿದೆಯೇ ಎಂದು ಕೇಳಬೇಕಿತ್ತು. ಆದರೂ ಸ್ವಂತ ಹಣದ ವಿಷಯದಲ್ಲಿ, ಸಂತೆಯ ಮಾಲೀಕ ಸ್ವತಃ ದಾಸ್ತಾನು, ಗೋದಾಮು, ಸಾಗಾಣಿಕೆಗಳ ಹೊರೆ ಹೊರುವ ಕಂಪನಿಗಳನ್ನು ಅಳೆಯುವ ಸಾಮರ್ಥ್ಯ ನನಗೆ ಸಾಲದು ಎಂದೇ ದೂರ ಉಳಿದಿದ್ದೇನೆ.

ಈಗ ನನ್ನ ಬಳಿ ಇರುವುದು ಇಂಡಿಯಾಮಾರ್ಟ್‌ನ ಇಪ್ಪತ್ತೈದು ಬೋನಸ್ ಷೇರುಗಳು. ಮುಂಗಡ ಹಣ, ಸಾಲವಿಲ್ಲದ ಆಸ್ತಿಪಟ್ಟಿ, ಉಳಿದಿರುವ ದೊಡ್ಡ ಮಾರಾಟಗಾರರು, ಇವೆಲ್ಲ ಇರುವುದರಿಂದ ಅವನ್ನು ಮಾರಿಲ್ಲ. 2025ರ ನಡುಭಾಗದಲ್ಲಿ ಲಾಭದ ಸುಮಾರು 27 ಪಟ್ಟಿದ್ದ ದರ ನನಗೆ ಹೆಚ್ಚೆನಿಸದಿದ್ದರೂ ಹೊಸದಾಗಿ ಕೊಳ್ಳಲಿಲ್ಲ. ಸತತ ಎರಡು ತ್ರೈಮಾಸಿಕಗಳಲ್ಲಿ, ಬಿಟ್ಟುಹೋದವರನ್ನು ಕಳೆದ ಮೇಲೂ ತಲಾ ನಾಲ್ಕೈದು ಸಾವಿರ ಮಾರಾಟಗಾರರು ಹೆಚ್ಚಾದರೆ, ಆಗ ಮತ್ತೆ ಹತ್ತು ಷೇರು ಕೊಳ್ಳುವುದೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಅದರ ಕೆಳಗೆ, ಲಾಭದ ಎಷ್ಟು ಪಟ್ಟಿಗಿಂತ ಮೇಲೆ ಕೊಳ್ಳಕೂಡದು ಎಂಬುದನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.