ಕಡತ ಮಾಡಿದ್ದು: ನನ್ನ ಅನುಭವ

ಈಗ ಕಡತ ಅಂದ್ರೆ ತಾಲೂಕಾಫೀಸಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಹೋಗೋ ಫೈಲು. ಹಳೇ ಓದು-ಬರಹದ ಪದಗಳ ಹುಚ್ಚಿರೋ ನಮ್ಮಂಥೋರಿಗೆ ಅದು ಅಂಟು-ಇದ್ದಿಲು ಹಚ್ಚಿ ಕಪ್ಪು ಮಾಡಿ, ಸ್ಲೇಟಿನ ಹಾಗೆ ಬಳಪದಲ್ಲಿ ಬರೆದು ಒರೆಸೋ, ಮಡಿಸೋ ಬಟ್ಟೆ ಪುಸ್ತಕ ಅಂತ ಗೊತ್ತೇ ಇರ್ತದೆ, ಕಿಟ್ಟೆಲ್ ನಿಘಂಟಲ್ಲೇ ಇದೆ, ಶೃಂಗೇರಿ ಮಠದ ಕಡತಗಳ ಬಗ್ಗೆನೂ ಕೇಳಿರ್ತೀರಿ. ಆದ್ರೆ ಮಾಡಿ ನೋಡಿದೋರು ಎಷ್ಟು ಜನ? ನಮ್ಮ ಭಾವ ಅಂತೂ "ಎಂತಕ್ಕೆ ಮಾರಾಯ, ಪೇಟೇಲಿ ಸ್ಲೇಟು ಸಿಗಲ್ವಾ, ತೀರ್ಥಳ್ಳಿ ಮಳೆಗೆ ಹುಣಸೆಗಂಜಿ ಹಚ್ಚಿದ ಬಟ್ಟೆ ಉಳೀತದಾ" ಅಂದಿದ್ರು. ಉಳೀತು. ಮಳೆಗಾಲ ಕಳೆದು ಈಗ್ಲೂ ಅಟ್ಟದ ಮೇಲೆ ಗಟ್ಟಿಯಾಗಿ ಕೂತಿದೆ.

ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ನೆನೆಸಿ ರುಬ್ಬಿ ಕುದಿಸಿ ಅಂಟು ಮಾಡೋದು, ಇದ್ದಿಲು ಪುಡಿ ಕಲಸಿ ಬಟ್ಟೆಗೆ ಹಚ್ಚೋದು, ಇದೆಲ್ಲ ಸುಲಭ. ತೊಂದ್ರೆ ಬರೋದು ಮಡಿಕೆಯಲ್ಲಿ. ಮೊದಲ ಸಲದ್ದು ಒಣಗಿ ಮಡಿಸಿದ್ ಕೂಡ್ಲೇ ಗೆರೆಗೆರೆ ಬಿರುಕು ಬಿಟ್ಟು ಕಪ್ಪೆಲ್ಲ ಉದುರಿ ಮಡಿಲಿಗೆ ಬಿತ್ತು. ಅಂಟು ತೆಳ್ಳಗೆ ಮಾಡಿದ್ರೆ ಬಳಪ ಹಿಡಿಯಲ್ಲ, ದಪ್ಪ ಮಾಡಿದ್ರೆ ಹಪ್ಪಳ. ಆಮೇಲೆ ಗಾಂಧಿ ಬಜಾರಲ್ಲಿ ಕೋರಾ ಬಟ್ಟೆ ತಂದೆ, ಮೀಟರಿಗೆ 80-90 ಇರಬೇಕು, ಅದರಲ್ಲಿದ್ದ ಗಂಜಿ ಹೋಗೋವರೆಗೂ ಬಿಸಿನೀರಲ್ಲಿ ತೊಳೆದು ಅಂಟು ಹಚ್ಚಿದ್ಮೇಲೆ ಕಚ್ಚಿಕೊಳ್ತು. ಅಷ್ಟರಲ್ಲಿ ಜುಲೈ ಬಂತು, ಬೂಷ್ಟು, ಅದರ ಹಿಂದೆ ಜಿರಲೆ. ಹುಣಸೆ ಅಂಟು ಅಂದ್ರೆ ಅವಕ್ಕೆ ಊಟ ಅಲ್ವಾ. ತೋಟಕ್ಕೆ ಹೊಡೆಯೋ ಬೋರ್ಡೋ ಔಷಧಿಗೆ ತಂದಿಟ್ಟ ಮೈಲುತುತ್ತ ಚಿಟಿಕೆ ಅಂಟಿಗೆ ಹಾಕಿ ನೋಡಿದೆ, ಬೂಷ್ಟು ನಿಂತಿತು. ಎಷ್ಟು ಅಂಟಿಗೆ ಎಷ್ಟು, ಇದ್ದಿಲು ಯಾವ ಮರದ್ದು ಅಂತ ಕೇಳ್ಬೇಡಿ, ಅದು ನನ್ನ ಹತ್ರನೇ ಇರ್ಲಿ. ಒಂದು ಮಾತ್ರ ಹೇಳ್ತೀನಿ, ಪೂರ್ತಿ ಒಣಗೋಕೆ ಮುಂಚೆ, ಕೈಗೆ ಸ್ವಲ್ಪ ತಣ್ಣಗೆ ತಾಗ್ತಿರುವಾಗ್ಲೇ ಮಡಿಕೆ ಹಾಕ್ಬೇಕು.

ಮೈಸೂರಲ್ಲಿ ರೆಸಿಡೆಂಟ್ ಆಗಿದ್ದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ 1810ರ ತನ್ನ ಮೈಸೂರು ಚರಿತ್ರೆಯಲ್ಲಿ ಕಡತದ ಬಗ್ಗೆ ಅಳತೆ ಸಮೇತ ಬರೆದಿದಾನೆ, ಅಗಲ 8 ಇಂಚಿಂದ ಒಂದಡಿ, ಉದ್ದ 12ರಿಂದ 18 ಅಡಿ. ಅಷ್ಟುದ್ದ ಒಣಗಿಸೋಕೆ ನಮ್ಮಲ್ಲಿ ಬಿಸಿಲೆಲ್ಲಿ, ನಾನು ಏಳೆಂಟು ಅಡಿಗೆ ನಿಲ್ಲಿಸಿದೆ, ಅದೂ ಅಡಿಕೆ ಡ್ರೈಯರ್ ಪಕ್ಕ.

ನಡುವೆ ಶ್ರೀತಾಳೆ ಗರಿಗೂ ಕೈ ಹಾಕ್ದೆ. ಅರಿಶಿನ ನೀರಲ್ಲಿ ಕುದಿಸಿ ಒಣಗಿಸಿ ಕಂಟದಲ್ಲಿ, ಅಂದ್ರೆ ಗರಿ ಮೇಲೆ ಬರೆಯೋ ಕಬ್ಬಿಣದ ಮೊನೆಯಲ್ಲಿ, ಗೀರಿದ್ರೆ ಚುಕ್ಕೆ ಇಟ್ಟಲ್ಲೆಲ್ಲ ತೂತು. ಬರೆಯೋಕಾಗದ ಚೂರುಗಳನ್ನ ಮಗಳು ಸುರುಳಿ ಸುತ್ತಿ ಕಿವಿಗೆ ಸಿಕ್ಕಿಸ್ಕೊಂಡ್ಲು, ಓಲೆ ಅಂದ್ರೆ ತಾಳೆ ಗರಿ, ಕಿವಿಯೋಲೆ ಅನ್ನೋ ಹೆಸರು ಹುಟ್ಟಿದ್ದೂ ಹಂಗೇ ಅಲ್ವಾ.

ಕಡತ ಆಯ್ತು, ಏನು ಬರೀಬೇಕು? ನನ್ನ ಪದಪಟ್ಟಿನೇ ಬರೆದೆ. ಮೊದಲು ಓಜ. ಉಪಾಧ್ಯಾಯ ಅನ್ನೋದು ಪ್ರಾಕೃತದಲ್ಲಿ ಉವಜ್ಝಾಯ ಆಗಿ ನಮ್ಮಲ್ಲಿ ಓಜ ಆಯ್ತು, ಬೇಲೂರಲ್ಲಿ ಕೆತ್ತಿದ ನಮ್ಮ ಬಳ್ಳಿಗಾವಿಯ ಶಿಲ್ಪಿ ದಾಸೋಜನ ಹೆಸರಿನ ಬಾಲದಲ್ಲಿರೋದೂ ಅದೇ, ಕಲಿಸೋನೂ ಓಜನೇ ಕಲ್ಲು ಕೆತ್ತೋನೂ ಓಜನೇ. ಆಮೇಲೆ ಘಟಿಕೆ, ಅಂದ್ರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋದ ಅಂತ ಶಿಕಾರಿಪುರದ ಹತ್ರದ ತಾಳಗುಂದದ ಕಂಬದಲ್ಲೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗೌನು ಹಾಕ್ಕೊಂಡು ಘಟಿಕೋತ್ಸವಕ್ಕೆ ನಿಲ್ಲೋ ಹುಡುಗರಿಗೆ ಆ ಹೆಸರಲ್ಲಿರೋದು ಇದೇ ಘಟಿಕೆ ಅಂತ ಹೇಳಿದ್ರೆ ಯಾರೂ ನಂಬಲ್ಲ. ಐಗಳು (ಊರ ಮೇಷ್ಟ್ರು), ಕೂಲಿಮಠ (ಅವರ ಶಾಲೆ), ಹೊತ್ತಗೆ (ಪುಸ್ತಕ), ಅಕ್ಕರಿಗ (ಓದು ಬಲ್ಲೋನು) ಬರೆಯೋಷ್ಟರಲ್ಲಿ ಒಂದು ಮಗ್ಗುಲು ತುಂಬ್ತು. ಒದ್ದೆ ಬಟ್ಟೇಲಿ ಒರೆಸಿ ಮತ್ತೆ ಬರೆದೆ, ಕಪ್ಪು ಹೋಗ್ಲಿಲ್ಲ. ಭಾವ ನೋಡಿ "ಹೂಂ" ಅಂದ್ರು, ಅವ್ರ ಬಾಯಲ್ಲಿ ಅಷ್ಟು ಬಂದ್ರೆ ಜಾಸ್ತಿ.

ಹಾಳಾದ ಬಟ್ಟೆ, ಎರಡೂ ತುದಿಗೆ ಹಲಸಿನ ಹಲಗೆ, ಬಡಗಿ ಕೂಲಿ ಎಲ್ಲ ಸೇರಿ ಸುಮಾರು ಎರಡೂವರೆ ಸಾವಿರ ಹೋಗಿರ್ಬೋದು, ಈಗ ಮಾಡಿದ್ರೆ ಐನೂರರೊಳಗೆ ಆಗ್ತದೆ. ಮಾಡೋರಿದ್ರೆ ಅಂಗಡಿ ಸ್ಲೇಟ್ ಕಡ್ಡಿ ಬೇಡ, ಮೈ ಗೀರಿ ಅಂಟು ಎಬ್ಬಿಸ್ತದೆ, ಮೆತ್ತಗಿನ ಬಳಪದ ಕಲ್ಲಿನ ಚೂರೇ ಹುಡುಕಿ.